ಎಂಟನೆಯ ಕಂಬ

ಬಾವಿಯ ತಿರುವಿನಲ್ಲಿದೆ ಎಂಟನೆಯ ಕಂಬ.
ನಾನು ಗ್ರಾಮ ಸೋವಿಯತ್ತಿಗೆ ಗುಮಾಸ್ತೆಯಾಗಿ ಸೇರಿದ ವರ್ಷವೇ
ಅದರ ಬಲ್ಬು ಹೋಯಿತು.
ಹತ್ತೊಂಬತ್ತು ನನಗೆ, ಅಕ್ಷರ ದುಂಡಗಿತ್ತು,
ಅರ್ಜಿ ಬರೆದೆ.

ಅರ್ಜಿ ಜಿಲ್ಲೆಗೆ ಹೋಯಿತು, ಜಿಲ್ಲೆಯಿಂದ ಪ್ರಾಂತಕ್ಕೆ,
ಪ್ರಾಂತದಿಂದ ಕೀವ್‌ಗೆ, ಅಲ್ಲಿಂದ ಮಾಸ್ಕೋಗೂ ಇರಬೇಕು.
ನಾನು ಕಾಣದ ಊರುಗಳನ್ನೆಲ್ಲ ಒಂದು ಹಾಳೆ ಕಂಡಿತು.
ಹದಿನಾಲ್ಕು ತಿಂಗಳಿಗೆ ಉತ್ತರ ಬಂತು:
ಒಂದು ಡಬ್ಬ ಕೆಂಪು ಬಣ್ಣ,
‘ಕಂಬಗಳಿಗೆ ಹಚ್ಚತಕ್ಕದ್ದು’ ಎಂಬ ಆದೇಶ.
ಕಣ್ಣು ಕೇಳಿದವಳಿಗೆ ಕಾಡಿಗೆ ಕೊಟ್ಟ ಹಾಗೆ.
ಹಚ್ಚಿದೆವು.

ಆಮೇಲೆ ದೇಶವೇ ಬದಲಾಯಿತು.
ಗೋಡೆಯ ಭಾವಚಿತ್ರ ಇಳಿಯಿತು, ಮೊಳೆ ಉಳಿಯಿತು,
ಮೊಳೆಗೆ ನನ್ನ ಛತ್ರಿ.
ಬಾವುಟ ಬೇರೆ, ನೋಟು ಬೇರೆ, ಅರ್ಜಿಯ ದಾರಿ ಅದೇ;
ಒಂದು ಮೆಟ್ಟಿಲು ಕಡಿಮೆ, ಅಷ್ಟೆ.
ಹ್ನಾತ್ ಪ್ರತಿ ಚಳಿಗಾಲ ಆ ತಿರುವಿನಲ್ಲಿ ಜಾರಿ ಬೀಳುವನು,
ಬಿದ್ದಲ್ಲಿಂದಲೇ ಶಪಿಸುವನು:
“ಮೇಲಿನವರ ಮನೆ ಹಾಳಾಗ!”
ನಾವೂ ದನಿಗೂಡಿಸುವೆವು.
ಬೈಗುಳಕ್ಕೆ ಕಂದಾಯವಿರಲಿಲ್ಲ,
ಮೇಲಿನವರು ಎಷ್ಟು ಮೇಲಿದ್ದರೆಂದರೆ
ನಮ್ಮ ಮಾತು ಅವರ ಬೂಟಿಗೂ ತಾಗುತ್ತಿರಲಿಲ್ಲ.

ಈಗ ಐದು ಊರು ಸೇರಿ ಒಂದು ಹ್ರೊಮಾದಾ.
ಅಜ್ಜಿಯ ಬಾಯಲ್ಲಿ ಆ ಮಾತಿಗೆ ಅರ್ಥ:
ಹುಲ್ಲು ಕೊಯ್ಲಿಗೆ ಕರೆಯದೆ ಬರುವ ಜನ.
ಈಗ ಅದಕ್ಕೊಂದು ಬ್ಯಾಂಕ್ ಖಾತೆಯೂ ಉಂಟು.
ಕೇಂದ್ರ ಎಲ್ಲಿ ಎಂದು ಮೂರು ರಾತ್ರಿ ಜಗಳ.
ಔಷಧಿ ಅಂಗಡಿ, ಬಸ್ ನಿಲ್ದಾಣ ಇದೆಯೆಂದು ಕ್ರುಹ್ಲೆಗೆ ಹೋಯಿತು.
ಕ್ರುಹ್ಲೆಗೆ!
ನಮ್ಮ ಇಗರ್ಜಿಯ ಗಂಟೆ ಕದ್ದ ಊರಿಗೆ!
(ಕದ್ದವರ ಮೊಮ್ಮಕ್ಕಳೂ ಈಗ ತೀರಿಕೊಂಡಿದ್ದಾರೆ.)

ನನ್ನ ದುಂಡು ಮೊಹರನ್ನು ಮೂವರು ಸಾಕ್ಷಿಗಳ ಮುಂದೆ
ತಗಡಿನ ಕತ್ತರಿಯಲ್ಲಿ ಎರಡು ಹೋಳು ಮಾಡಿದರು.
ಹುಟ್ಟಿಗೂ ಸಾವಿಗೂ ಒಂದೇ ಭಾರದಲ್ಲಿ ಒತ್ತಿದ್ದೆ ಅದನ್ನು.
ಹೋಳಾದುದಕ್ಕೂ ದಾಖಲೆ ಬೇಕಂತೆ. ಬರೆದೆ.
ದಾಖಲೆಗೆ ಒತ್ತಲು ಮೊಹರಿರಲಿಲ್ಲ.

ಬಜೆಟ್ ಸಭೆ ಶಾಲೆಯಲ್ಲಿ.
ಮಕ್ಕಳ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿ ಕೂತೆವು.
ಲೆಕ್ಕದ ಹುಡುಗಿ ಉಲ್ಯಾನಾ ಓದಿದಳು:
ಸಂಬಳದ ತೆರಿಗೆ ನೂರಾದರೆ ಅರವತ್ತು ಇಲ್ಲೇ ಉಳಿಯುವುದು.
ಇಲ್ಲೇ ಎಂದರೆ?
ಯಾರೋ ಎದ್ದು ಮತ್ತೆ ಕೇಳಿದರು. ಇಲ್ಲೇ, ಎಂದಳು.
ಸದ್ದಿಲ್ಲ. ಕೊಳವೆಯಲ್ಲಿ ಬಿಸಿನೀರು ಗೊಟಗೊಟ.

ಆಮೇಲೆ ತಿಳಿಯಿತು, ಅರವತ್ತೂ ಸಾಲದೆಂದು.
ಶಾಲೆಯ ಬಸ್ಸೋ, ದಾರಿದೀಪಗಳೋ?
ಐದನೆಯ ತರಗತಿ ಮುಚ್ಚಿತ್ತು, ನಾಲ್ಕು ಮಕ್ಕಳು
ಹಿಮದಲ್ಲಿ ಏಳು ಕಿಲೋಮೀಟರು ನಡೆಯುವವು.
ಯಾರೆಮಾ, ಪೂರ್ವದ ಯುದ್ಧದಿಂದ ಕುಂಟುತ್ತ ಮರಳಿದವನು,
ನಮ್ಮೂರಿನ ಹೊಸ ಹಿರಿಯ, ಹ್ನಾತನ ತಂಗಿಯ ಮೊಮ್ಮಗ,
ಕೈ ಎತ್ತಿ ಎಂದ.
ಎರಡು ಕೈ ಹೆಚ್ಚಾಗಿ ಬಸ್ಸು ಗೆದ್ದಿತು.
ಎರಡರಲ್ಲಿ ಒಂದು ನನ್ನದು.

ಮೂವತ್ತೆರಡು ವರ್ಷ ಬೆಳಕಿಗೆ ಅರ್ಜಿ ಬರೆದ ಕೈ.

ಜನವರಿಯಲ್ಲಿ ಹ್ನಾತ್ ಬಿದ್ದ, ಅದೇ ತಿರುವು,
ಹಿಂದೆಯೇ ನಾನು ಬ್ರೆಡ್ಡಿನ ಚೀಲ ಹಿಡಿದು.
ಬಾಯಿ ತೆರೆದ, ಆಕಾಶ ನೋಡಿದ.
ಮೇಲೆ ಯಾರೂ ಇರಲಿಲ್ಲ,
ಆರಿದ ಕಂಬ, ಅದರಾಚೆ ಒಂದಿಷ್ಟು ನಕ್ಷತ್ರ.
ಬಾಯಿ ಮುಚ್ಚಿದ. ನನ್ನ ಕಡೆ ತಿರುಗಿದ.

“ಮೆಲಾನ್ಯಾ, ಬಸ್ಸಿಗೆ ಕೈ ಎತ್ತಿದವರಲ್ಲಿ ನೀನೂ ಇದ್ದೆಯಾ?”
“ಇದ್ದೆ.”
“ಯಾವ ಕೈ?”
ತೋರಿಸಿದೆ.
“ಅದನ್ನೇ ಇತ್ತ ಚಾಚು, ಏಳಬೇಕು.”

ಹಿಡಿದವನು ಬಿಡಲಿಲ್ಲ.
ಅವನ ಬೇಲಿಯ ಬಾಗಿಲವರೆಗೂ
ಕತ್ತಲಲ್ಲಿ, ಹೆಜ್ಜೆ ಹೆಜ್ಜೆಗೂ ನನ್ನನ್ನು ಬೈದ,
ಯಾರೆಮಾನನ್ನು, ಉಲ್ಯಾನಾಳನ್ನು, ಕ್ರುಹ್ಲೆಯ ಅಧ್ಯಕ್ಷನನ್ನು,
ಒಬ್ಬೊಬ್ಬರನ್ನೂ
ಹೆಸರು ಹಿಡಿದು.