ನೀಲಿ ಮೊದಲು

ಕೋಡಿಬಾಗದಲ್ಲಿ ಐಸ್ ಫ್ಯಾಕ್ಟರಿ ಗೋಡೆಗೆ ಒರಗಿ ನನ್ನ ಅಂಗಡಿ.
'ಟೀವಿ ರಿಪೇರಿ' ಅಂತ ಬರೆಸಿದ್ದೆ,
ಉಪ್ಪುಗಾಳಿ ಒಂದಕ್ಷರ ತಿಂದು ಈಗ 'ಟೀವಿ ಪೇರಿ'.
ಗಿರಾಕಿಗಳು ಇನ್ನೂ ಪೇರಿ ಕಿತ್ತಿಲ್ಲ.

ಡಬ್ಬದ ಮೇಲೆ ಕಂಪನಿ ಬರೆದದ್ದು: ಐವತ್ತು ಸಾವಿರ ಗಂಟೆ.
ಅದು ಏಸಿ ಕೋಣೆಯ ಗಂಟೆ.
ಕಾರವಾರದ ಗಂಟೆಗೆ ತುಕ್ಕು ಹಿಡಿಯುತ್ತದೆ,
ಜೂನಿನಲ್ಲಿ ಬೂಸಲು ಕೂಡ.

ರೆಮೆದಿನ್ ಬಾಯಿ ಕೇಳಿದರು:
"ದಿನಕ್ಕೆ ಎರಡೇ ಗಂಟೆ ನೋಡುವುದು, ಎಷ್ಟು ವರ್ಷ ಬರ್ತದೆ?"
ರಸೀದಿಯ ಬೆನ್ನಿಗೆ ಭಾಗಿಸಿದೆ. ಅರವತ್ತೆಂಟು.
ಅವರಿಗೀಗ ಎಪ್ಪತ್ತನಾಲ್ಕು.
"ಅಷ್ಟು ಯಾರಿಗೆ ಬೇಕೇ ಹುಡುಗಿ,
ಹತ್ತು ವರ್ಷದ್ದು ಕೊಡು, ಉಳಿದದ್ದು ರೇಟಲ್ಲಿ ಮುರಿ."

ಡಬ್ಬಾ ಟೀವಿಗೆ ಇಬ್ಬರು ಹೊರಬೇಕಿತ್ತು,
ತಲೆಗೊಂದು ಕೊಟ್ಟರೆ ಬುದ್ಧಿ ಬರುತ್ತಿತ್ತು.
ಆದರೆ ಪ್ಲಗ್ ಕಿತ್ತು ಮರುದಿನ ಮುಟ್ಟಿದರೂ
ಎದೆಯಲ್ಲಿ ಬಚ್ಚಿಟ್ಟ ಕರೆಂಟು ಒದೆಯುತ್ತಿತ್ತು.
ಕಸುಬು ಕಲಿಸಿದ ವಿಠೋಬ ಕೊಠಾರಕರರ
ಬಲಗೈ ಹೆಬ್ಬೆರಳು ಕಡೆತನಕ ಮರಗಟ್ಟಿಯೇ ಇತ್ತು.
"ಆರಿದ್ದನ್ನು ನಂಬಬೇಡ ಮಗಾ."

ಪ್ಲಾಸ್ಮಾ ಬಂದದ್ದು ಒಂದೇ, ಲಾಡ್ಜಿನದು.
ಅದರ ಬೆನ್ನಿಗೆ ಹಪ್ಪಳ ಒಣಗಿಸಬಹುದಿತ್ತು.
ಕಪ್ಪು ಮಾತ್ರ ಕಪ್ಪೇ,
ಅಮಾವಾಸ್ಯೆಯ ಬೈತಖೋಲದ ಹಾಗೆ.
ಪಾರ್ಟು ಸಿಗದೆ ಸತ್ತಿತು.

ಎಲ್‌ಸಿಡಿ ಅಷ್ಟು ಬೇಗ ಸಾಯುವುದಿಲ್ಲ,
ಸಾಯುವುದು ಅದರ ಬೆನ್ನ ದೀಪ.
ಕತ್ತಲಾದ ಗಾಜಿಗೆ ಟಾರ್ಚ್ ಓರೆ ಹಿಡಿದು ನೋಡಿ,
ವಾರ್ತೆಯವಳು ಒಳಗೆ ಇನ್ನೂ ಓದುತ್ತಲೇ ಇದ್ದಾಳೆ.

ಈಗಿನ ಓಎಲ್‌ಇಡಿಗೆ ಬೆನ್ನ ದೀಪವೇ ಇಲ್ಲ.
ಚುಕ್ಕಿ ಚುಕ್ಕಿಯೂ ತನ್ನನ್ನೇ ಉರಿಸಿಕೊಂಡು ಬೆಳಗಬೇಕು.
ಅದರಲ್ಲಿ ಮೊದಲು ಸೋಲುವುದು ನೀಲಿ.
ಯಾಕೆ ಅಂತ ಮೊಬೈಲು ತಂದ ಹುಡುಗ ಕೇಳಿದ.
"ಅದಕ್ಕೇ ಕೆಲಸ ಹೆಚ್ಚು" ಅಂದೆ.
ಸರಿಯೋ ತಪ್ಪೋ.

ಮೊನ್ನೆ ಬಂದರಿನ ಹರಾಜು ಕಟ್ಟೆಯಿಂದ
ಸೋಮ ಹರಿಕಂತ್ರ ಪರದೆ ಹೊತ್ತು ತಂದ,
ಯಾರೋ ಬೋಟಿನ ಧಣಿ ದಾನ ಕೊಟ್ಟ ದುಬಾರಿ ಮಾಲು.
"ಬಂಗಡೆ ಹೋಗ್ತಾ ಇಲ್ಲ" ಅಂದ.
ಬೂದು ಬಣ್ಣ ಬಿಟ್ಟು ನೋಡಿದೆ, ಹೌದು:
ಮೂರು ವರ್ಷ ಒಂದೇ ಜಾಗದಲ್ಲಿ ನಿಂತ ಹೆಸರುಗಳು
ಗಾಜಿನೊಳಗೇ ಮನೆ ಮಾಡಿವೆ.
ಬಂಗಡೆ. ತಾರಲೆ. ಇಸೋಣ. ಶೆಟ್ಲಿ.
ದಿನಾ ಬದಲಾದ ದರ ಮಾತ್ರ
ಒಂದರ ಮೇಲೊಂದು ಬಿದ್ದು ಬರೀ ಮಸಿ.
ಈ ಸಲ ತಾರಲೆ ಬಲೆಗೆ ಬಿದ್ದೇ ಇಲ್ಲ;
ಪರದೆಗೆ ಯಾರೂ ಹೇಳಿಲ್ಲ.

"ಅಳಿಸಲು ಬರುವುದಿಲ್ಲ. ಬೇಕಾದರೆ ಸುತ್ತಲಿನದನ್ನೂ
ಅಷ್ಟೇ ಸುಟ್ಟು ಸಮ ಮಾಡಬಹುದು" ಅಂದೆ.
ಸೋಮ ಗಲ್ಲ ತುರಿಸಿಕೊಂಡ.
"ಬೇಡ ಅಕ್ಕ, ಜಾಗ ಗೊತ್ತಾಗ್ತದೆ,
ಅದರ ಮೇಲೇ ಬರೀತೇವೆ."

ನೋಡಿದ್ದಕ್ಕೆ ನೂರು ರೂಪಾಯಿ. ಕೊಡಲಿಲ್ಲ.
ಸಂಜೆ ಶಟರ್ ಎಳೆಯುವಾಗ
ಕೊಂಡಿಗೆ ಸಿಕ್ಕಿಸಿದ ಚೀಲದಲ್ಲಿ ನಾಲ್ಕು ಬಂಗಡೆ.
ಕಣ್ಣು ಇನ್ನೂ ಹೊಳೆಯುತ್ತಿತ್ತು,
ಬೆನ್ನಿನ ನೀಲಿ ಆಗಲೇ ಮಂಕಾಗತೊಡಗಿತ್ತು.
ಬೇಗ ಮನೆಗೆ ಹೋಗಿ ಕೊಯ್ಯಬೇಕಿತ್ತು.