ಸದ್ದು ತೆಳುವಾಗುವ ತನಕ

ಗ್ರಿಮ್ಸ್‌ಬಿಯ ಅಂಗಡಿಯಲ್ಲಿ ಗೆಣಸುಗಳು
ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದವು,
ಪಾಲು ಕೇಳಿ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ.
ಮೂರು ಆರಿಸಿದೆ.
ಒಂದಕ್ಕೆ ಬಾಲ, ಒಂದಕ್ಕೆ ಡೊಳ್ಳುಹೊಟ್ಟೆ,
ಇನ್ನೊಂದು ಬರೀ ಗೆಣಸು.

ಡೆರೆಕ್‌ನ ಅಡುಗೆಮನೆಯಲ್ಲಿ ನಾಲ್ಕಕ್ಕೇ ದೀಪ.
ದೀಪ ನನಗೆ. ಅವನಿಗೆ ಕಣ್ಣು ಹೋಗಿ ಆರು ವರ್ಷ.
ಮೂವತ್ತೊಂಬತ್ತು ವರ್ಷ ಈ ಊರಿಗೆ
ಮೀನು, ಆಲೂಗಡ್ಡೆ ಕರಿದು ಹಾಕಿದ ಕೈ
ಮೇಜಿನ ಮೇಲೆ ಒರೆಸಿಟ್ಟ ಬಾಣಲೆಯಂತೆ ಸುಮ್ಮನಿದೆ.

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ವಚನ.
ನನ್ನೊಳಗೆ ಮಾತ್ರ ದಿನಕ್ಕೊಂದು ತೀರ್ಮಾನ:
ಗುಳಿಗೆ ನುಂಗಿದ ದಿನ ಅವರು,
ಉಗುಳಿದ ದಿನ ಅವನು.
ಇವತ್ತು ಉಗುಳಿದ್ದಾನೆ.

"ಗೆಣಸಾ? ಅದು ಚಿಪ್ಸಲ್ಲ, ಪುಡಿಂಗು."
ನಾನು ಸಿಪ್ಪೆ ಹೆರೆಯುತ್ತಲೇ ಇದ್ದೆ.
ಖಾನಾಪುರದ ಕಡೆಯದು ಹೊರಗೆ ಕೆಂಪು, ಒಳಗೆ ಬಿಳಿ.
ಇಲ್ಲಿಯದು ಒಳಗೂ ಕೇಸರಿ;
ಕೊಯ್ದರೆ ಹಲಗೆಯೆಲ್ಲ ಅರಿಶಿನ ಹಚ್ಚುವ ಮನೆ.

ಹೋದ ವಾರ ಓವನ್‌ನಲ್ಲಿ ಬೇಯಿಸಿದ್ದೆ.
ಒದ್ದೆ ಬತ್ತಿಗಳಂತೆ ಬಾಗಿ ಹೊರಬಂದವು.
ಡೆರೆಕ್ ಒಂದನ್ನು ಎತ್ತಿ, ಜೋತುಬಿಟ್ಟು,
"ಇದಕ್ಕೆ ಬೆನ್ನೆಲುಬಿಲ್ಲ" ಅಂದಿದ್ದ.
ಆ ಮಾತು ಎಲ್ಲೆಲ್ಲೋ ತಾಗಿತ್ತು;
ಅದೇ ಬೆಳಿಗ್ಗೆ ಸೂಪರ್‌ವೈಸರ್ ಪಾಳಿ ಕಡಿತ ಮಾಡಿದಾಗ
ಓಕೆ ಓಕೆ ಅಂದು ಫೋನಿಟ್ಟಿದ್ದೆ.

ಇವತ್ತು ಕಿರುಬೆರಳಿನ ದಪ್ಪ, ಅದಕ್ಕಿಂತ ಹೆಚ್ಚಲ್ಲ.
ತಣ್ಣೀರಲ್ಲಿ ಅರ್ಧ ಗಂಟೆ.
ನೀರು ಅಕ್ಕಿ ತೊಳೆದಷ್ಟು ಬೆಳ್ಳಗಾಯಿತು.
ರೇಡಿಯೊ ಹಡಗುಗಳಿಗೆ ಗಾಳಿಯ ಸುದ್ದಿ ಓದುತ್ತಿತ್ತು,
ಡೆರೆಕ್ ತುಟಿ ಅಲುಗಿಸುತ್ತಿದ್ದ, ಜಪದ ಹಾಗೆ.
ಆಮೇಲೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದೆ,
ಕೂಸಿನ ಬೆರಳುಸಂದಿ ಒರೆಸುವ ಹಾಗೆ.
ಎರಡು ಚಮಚ ಕಾರ್ನ್‌ಫ್ಲೋರ್.
ಖಾರ ಈಗಲ್ಲ. ಎಣ್ಣೆಗೆ ಬಿದ್ದರೆ
ಕಪ್ಪು, ಕಹಿ, ಮನೆತುಂಬ ಕೆಮ್ಮು.

ಕಪಾಟಿನಲ್ಲಿ ದನದ ಕೊಬ್ಬಿನ ಹಳೇ ಡಬ್ಬಿ.
"ಅದರಲ್ಲಿ ಕರಿ."
ನಾನು ಸೂರ್ಯಕಾಂತಿ ಎಣ್ಣೆ ಸುರಿದೆ.
ಸುರಿಯುವ ಸದ್ದಿಗೇ ಗೊತ್ತಾಗಿ
"ಹೇಡಿ" ಅಂತ ನಕ್ಕ.

ಮೊದಲ ಹಿಡಿ ಬಿದ್ದದ್ದೇ
ಎಣ್ಣೆ ಸಂತೆಯಾಯಿತು.
ಡೆರೆಕ್ ಕುರ್ಚಿಯಲ್ಲಿ ನೆಟ್ಟಗಾದ,
ಕಿವಿ ಒಲೆಯ ಕಡೆ.
"ಜಾಸ್ತಿ ಹಾಕಿದೆ. ಅರ್ಧ ತೆಗೆ."
ತೆಗೆದೆ.
"ಇನ್ನೂ ನೀರು ಮಾತಾಡುತ್ತಿದೆ."
ಜಾಲರಿ ಎತ್ತಲು ಹೋದೆ.
"ತಡಿ ಅಂದರೆ ತಡಿ, ನೀಲಾ."
ದಪ್ಪ ಸದ್ದು ಸಣ್ಣಗಾಯಿತು,
ಸಣ್ಣಗಾದದ್ದು ತೆಳ್ಳಗೆ,
ತರಗೆಲೆಯ ಮೇಲೆ ಇರುವೆ ಸಾಲು ಹೋದಷ್ಟು.
ಗೋಡೆಯ ಗಡಿಯಾರ ಕೇಳಿಸತೊಡಗಿತು.
"ಈಗ."

ಹರವಿ, ಆರಿಸಿ,
ಎಣ್ಣೆ ಇನ್ನಷ್ಟು ಕಾಯಿಸಿ, ಮತ್ತೊಮ್ಮೆ ಮುಳುಗಿಸಿದೆವು.
(ಮುಳುಗಿಸಿದ್ದು ನಾನೊಬ್ಬಳೇ. ಇರಲಿ.)
ಬೋಗುಣಿಯಲ್ಲಿ ಉಪ್ಪು, ಬ್ಯಾಡಗಿ ಖಾರ, ಹುರಿದ ಜೀರಿಗೆ ಪುಡಿ,
ಎತ್ತಿ ಕುಲುಕಿದರೆ ಗಲಗಲ,
ಒಣಗಿದ ಕಡಲೆಬುಡ್ಡಿಯ ಚೀಲದ ಹಾಗೆ.

ಡೆರೆಕ್ ಒಂದನ್ನು ತಡಕಾಡಿ ತೆಗೆದುಕೊಂಡು
ಕಿವಿಯ ಬಳಿ ಹಿಡಿದು ಮುರಿದರು.
ಮುರಿದದ್ದು ನನಗೂ ಕೇಳಿಸಿತು.
ಬಾಯಿಗೆ ಹಾಕಿದರು. ಮೂಗು ಕೆಂಪಾಯಿತು.
ಕುರುಡು ಕಣ್ಣಲ್ಲೂ ನೀರು ಬರುತ್ತದೆ ಅಂತ
ನನಗೆ ಯಾಕೋ ಗೊತ್ತಿರಲಿಲ್ಲ.
"ಖಾರ."
"ಹೌದು."
"ಪುಡಿಂಗಲ್ಲ."
"ಅಲ್ಲ."
"ವಿನೆಗರ್ ಎಲ್ಲಿ?"

ರಾತ್ರಿ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ
ನನ್ನ ಕೋಟಿನ ವಾಸನೆಗೆ ಮೂಗರಳಿಸಿ,
ಯಾವ ಅಂಗಡಿ ಅಂತ ಕೇಳಿದ.
ಹನ್ನೊಂದು ವರ್ಷದ ಹಿಂದೆ ಮುಚ್ಚಿದ ಅಂಗಡಿಯ
ಹೆಸರು ಹೇಳಿದೆ.
ಅವನು ಫೋನಿನಲ್ಲಿ ಹುಡುಕತೊಡಗಿದ.
ನನ್ನ ಸ್ಟಾಪು ಬಂತು.