ನಿವ್ವಳ ತೂಕ

ಬೆಳಗ್ಗೆ ನಾಲ್ಕೂಮುಕ್ಕಾಲು.
ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ, ವೇಬ್ರಿಡ್ಜಿನ ಪಕ್ಕ,
ಆರಡಿಗೆ ಎಂಟಡಿ ನನ್ನ ಕೋಣೆ.
ದೀಪಕ್ಕಿಂತ ಮೊದಲು ಕೆಟಲಿನ ಸ್ವಿಚ್ಚು.
ಮೊದಲ ಲಾರಿ ಬರುವುದು ಐದೂವರೆಗೆ;
ನಡುವಿನ ನಲವತ್ತೈದು ನಿಮಿಷ
ಯಾರ ಲೆಡ್ಜರಿಗೂ ಸೇರಿಲ್ಲ.

ಬರೆಯುವುದು ಹಳೇ ರಸೀತಿಗಳ ಹಿಂಬದಿಗೆ.
ಹೊಸ ನೋಟ್‌ಬುಕ್ಕೂ ಒಂದಿದೆ:
ಮುನ್ನೂರ ನಲವತ್ತು ರೂಪಾಯಿ, ಗಟ್ಟಿ ರಟ್ಟು, ಕೆಂಪು ದಾರ.
ಮೂರು ವರ್ಷದಿಂದ ಅದಕ್ಕೆ ತಕ್ಕ ಸಾಲಿಗೆ ಕಾಯುತ್ತಿದ್ದೇನೆ.
ಧಾರೆ ಸೀರೆಯ ಹಾಗೆ
ನುಸಿಗುಳಿಗೆಯ ವಾಸನೆ ಹೊದ್ದು ಮಲಗಿದೆ.

ಶುರುವಿನಲ್ಲಿ ದೊಡ್ಡ ಶಪಥ: ದಿನಕ್ಕೆ ಐದು ಪುಟ.
ನಾಲ್ಕನೇ ದಿನ ಜ್ವರ ಅಂದೆ, ಆರನೇ ದಿನ ಗೌರಿ ಹಬ್ಬ,
ಆಮೇಲೆ ನೆಪ ಹುಡುಕಲಿಕ್ಕೂ ಸೋಮಾರಿತನ.
ಈಗ ಏಳು ಸಾಲು. ಕೆಟ್ಟವಾದರೂ ಏಳು.
ಬರೆದ ದಿನ ಗೊಬ್ಬರ ಕಂಪನಿಯ ಕ್ಯಾಲೆಂಡರಿನಲ್ಲಿ
ಇಂಕ್ ಪ್ಯಾಡಿನದೊಂದು ಹೆಬ್ಬೆಟ್ಟು.
ಹಮಾಲಿ ಸಣ್ಣಸ್ವಾಮಿ ಅದನ್ನೇ ನೋಡಿ ನೋಡಿ
"ಯಾರ ಹತ್ರ ಅಕ್ಕಾ ಇಷ್ಟೊಂದು ಸಾಲ?" ಅಂದ.
"ಇದೆ ಕಣಪ್ಪ, ತೀರಿಸ್ತಾ ಇದೀನಿ" ಅಂದೆ.

ಭಾನುವಾರ ದುದ್ದದಲ್ಲಿ, ಜಗಲಿ ತುಂಬ ಗೋಣಿ ಹಾಸಿ
ಚಿಕ್ಕತ್ತೆ ದ್ಯಾವೀರಮ್ಮ ಬಿತ್ತನೆ ಆಲೂಗಡ್ಡೆ ಹೆಚ್ಚುತ್ತಿದ್ದಳು.
ಧೈರ್ಯ ಮಾಡಿ ಒಂದು ಪುಟ ಓದಿದೆ.
ಕೈ ನಿಲ್ಲಿಸದೆ ಕೇಳಿದಳು.
"ಚೆನ್ನಾಗೈತೆ ಕಣೆ. ಆದ್ರೆ ಇಲ್ನೋಡು,
ಹೋಳಿಗೊಂದಾದ್ರೂ ಕಣ್ಣಿರ್ಬೇಕು.
ಕಣ್ಣಿಲ್ದೇ ಇದ್ದುದ್ದು ಎಷ್ಟು ದಪ್ಪ ಇದ್ರೂ
ಮಣ್ಣೊಳ್ಗೆ ಕೊಳೀತದೆ, ಅಷ್ಟೆ."
ಕವಿತೆಗೆ ಅಂದಳೋ ಗೆಡ್ಡೆಗೋ, ಕೇಳಲಿಲ್ಲ.
ವಾಪಸ್ ಬಸ್ಸಿನಲ್ಲಿ ಹದಿನಾಲ್ಕು ಸಾಲು ಹೊಡೆದು ಹಾಕಿದೆ.
ಉಳಿದವು ಮೂರು,
ಅವುಗಳಲ್ಲೂ ಒಂದಕ್ಕೆ ಮೆಳ್ಳಗಣ್ಣು.

ಲಾರಿಯನ್ನು ನಾವು ಎರಡು ಸಲ ತೂಗುತ್ತೇವೆ,
ತುಂಬಿ ಬಂದಾಗ, ಇಳಿಸಿ ಹೋಗುವಾಗ.
ಕಳೆದು ಉಳಿದದ್ದಷ್ಟೇ ಮಾಲು.
ಬರೆದ ದಿನವೇ ತೂಗಿದರೆ
ಟಾರ್ಪಾಲು, ಸ್ಟೆಪ್ನಿ, ಡ್ರೈವರನ ಬುತ್ತಿ, ಚಕ್ರದ ಕೆಸರು
ಎಲ್ಲವೂ ನನ್ನ ಪ್ರತಿಭೆ ಅನ್ನಿಸುತ್ತದೆ.
ಹಾಗಾಗಿ ಹತ್ತು ದಿನ ಡ್ರಾಯರಿನಲ್ಲಿ.
ಆಮೇಲೆ ತೆಗೆದರೆ ಕೆಲವು
ಬರೀ ಲಾರಿ.

ಹೆಬ್ಬೆಟ್ಟಿಲ್ಲದ ಚೌಕಗಳೂ ಇವೆ.
ನವೆಂಬರಿನಲ್ಲಿ ಹತ್ತೊಂಬತ್ತು.
ತಂಗಿ ಪ್ರಮೀಳೆಯ ಮಗು ಉಳಿಯಲಿಲ್ಲ.
ಕದ್ದು ಹಿಂದಿನ ತಾರೀಖು ತುಂಬಬಹುದಿತ್ತು, ತುಂಬಲಿಲ್ಲ.
ಇಪ್ಪತ್ತನೇ ದಿನ ಕೂತಾಗ ಬಂದದ್ದು ಇಷ್ಟು:
ಆಸ್ಪತ್ರೆ ಕಾರಿಡಾರಿನ ಬಕೆಟ್ಟು ನೀಲಿ,
ಅದರ ಹಿಡಿಗೆ ಯಾರೋ ಬಟ್ಟೆ ಸುತ್ತಿದ್ದರು.
ಏಳು ಆಗಲಿಲ್ಲ.
ಒತ್ತಿದೆ ಹೆಬ್ಬೆಟ್ಟು.

ಇವತ್ತು ಧೂಳು ಹೊಡೆಯಲೆಂದು ನೋಟ್‌ಬುಕ್ಕು ತೆಗೆದು
ಮೇಜಿನ ಮೇಲೆ ತೆರೆದಿಟ್ಟಿದ್ದೆ.
ಅರಕಲಗೂಡಿನ ಡ್ರೈವರ್ ಫಯಾಜ್, ಹೊತ್ತಿಗೆ ಮುಂಚೆಯೇ ಬಂದವನು,
ಚೀಟಿ ಕೊಡುವ ಅವಸರದಲ್ಲಿ
ಟೀ ಲೋಟವನ್ನು ನೇರ ಮೊದಲ ಪುಟದ ಮೇಲೆ ಇಟ್ಟ.
ದುಂಡಗೆ, ಕಂದು ಬಣ್ಣದ ಉಂಗುರ.
ಬೈದೆ. ಅವನು ಶರ್ಟಿನ ತೋಳಿನಿಂದ ಒರೆಸಿ
ಇನ್ನಷ್ಟು ಹರಡಿ, ಸಾರಿ ಅಕ್ಕಾ ಅಂದು ಹೋದ.

ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ.
ಇನ್ನು ಕಾಪಾಡುವುದಕ್ಕೆ ಏನೂ ಉಳಿದಿರಲಿಲ್ಲ.
ಪೆನ್ನು ತೆಗೆದು
ಉಂಗುರದ ಒಳಗಿಂದಲೇ ಶುರುಮಾಡಿದೆ.

ನಾಲ್ಕು ಸಾಲಾಗಿತ್ತು, ಹೊರಗೆ ಹಾರನ್.
ಮಿಕ್ಕ ಮೂರು
ಅವನ ಖಾಲಿ ಲಾರಿ ತಿರುಗಿ ಬಂದಾಗ.